ವೈಮಾನಿಕ ಶಾಸ್ತ್ರವೂ ಅದರ ಪರೀಕ್ಷೆಯೂ

ಪ್ರಾಚೀನ ಭಾರತೀಯರು ವಿಮಾನಗಳನ್ನು ನಿರ್ಮಿಸಬಲ್ಲವರಾಗಿದ್ದರೇ ಎಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಆಗಾಗ್ಗೆ ತಲೆಯೆತ್ತುತ್ತಿರುವುದನ್ನು ಶ್ರೋತೃಗಳು ಬಲ್ಲರು. ಹೌದೆಂದು ವಾದಿಸುವವರು ಮುಖ್ಯಾಧಾರವಾಗಿ ತೋರಿಸುವುದು ಭರದ್ವಾಜ ಮಹರ್ಷಿಗಳ ಹೆಸರನ್ನು ಹೊತ್ತಿರುವ ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥವನ್ನು. ಈ ಗ್ರಂಥವು ಬಾಯಿಂದ ಕಾಗದಕ್ಕೆ ಇಳಿದುದೂ, ಇಂಗ್ಲಿಷ್ ಭಾಷಾಂತರದೊಡನೆ ಅಚ್ಚಾದುದೂ, ಕಡೆಗೆ ವಿಜ್ಞಾನಿಗಳ ಪರೀಕ್ಷೆಗೆ ಒಳಗಾದುದೂ ಕನ್ನಡ ನಾಡಿನಲ್ಲಿಯೇ. ಆದಕಾರಣ ಅದರ ಚರಿತ್ರೆಯನ್ನು ವಿಚಾರಿಸುವುದು ನಮಗೆ ತಕ್ಕ ಕೆಲಸವೇ ಆಗಿದೆ.

ಪ್ರಾಚೀನ ಗ್ರಂಥವೊಂದನ್ನು ಪ್ರಾಚೀನವೆಂದು ವಿದ್ವಾಂಸರು ಒಪ್ಪುವುದು ಯಾವ ಕ್ರಮದಿಂದ? ಇದಕ್ಕೆ ಎರಡು ನಿದರ್ಶನಗಳನ್ನು ಮೊದಲು ನೋಡೋಣ.

ರಾವೂರ, ವಾಡಿ, ಶಹಾಬಾದಗಳ ಕಲ್ಲುಗಣಿಗಳ ಸೀಮೆಯಿಂದ ಸೇಡಮಿನ ಕಡೆಗೆ ನಡೆದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡವು ಸಿಕ್ಕುತ್ತದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥಾದಿಯಲ್ಲಿ ಅರಸನ ಸ್ತುತಿಯಿರುವುದರಿಂದ ಕಾಲವು ತಾನಾಗಿ ಸ್ಪಷ್ಟಪಡುತ್ತದೆ. ೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ ೧೯೧೨ರಲ್ಲಿ ಮದ್ರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಮಹಾವೀರನು ಹೇಳಿರುವುದು ಅವನ ಸೂಕ್ಷ್ಮಬುದ್ಧಿಗೆ ಸಾಕ್ಷಿ. ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಅವನು ಹೇಳಿರುವುದೋ ತಪ್ಪು. ೧೨ನೆಯ ಶತಮಾನದ ಭಾಸ್ಕರಾಚಾರ್ಯನು ಇದೇ ರಾಶಿಯನ್ನು ‘ಖಹರ’ವೆಂದು ಕರೆದು ಅನಂತವೆಂದು ಎಣಿಸಿದನು. ಹಿರಿಯರು ಹೇಳಿದುದನ್ನು ಕಿರಿಯರು ಮರಳಿ ಶೋಧಿಸುವ ಪದ್ಧತಿಯು ನಮ್ಮಲ್ಲಿ ಹೊಸದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ನಿದರ್ಶನವು ಮೈಸೂರಿನದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಂದು ಓಲೆಗರಿಯ ಕಟ್ಟನ್ನು ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಈ ಗ್ರಂಥವನ್ನು ದಂಡಿ ಮೊದಲಾದವರು ಶತಮಾನಗಳ ಹಿಂದೆಯೇ ಹೆಸರಿಸಿದ್ದರು. ತರುವಾಯ ಬೇರೆ ಬೇರೆ ಕಡೆಗಳಲ್ಲಿ ಬೇರೆ ಪ್ರತಿಗಳೂ ದೊರೆತವು. ಗ್ರಂಥದ ಕಾಲ ಮತ್ತು ಕರ್ತೃತ್ವಗಳ ಚರ್ಚೆಯು ಇಂದಿಗೂ ಮುಗಿದಿಲ್ಲವಾದರೂ, ಗ್ರಂಥವು ಪ್ರಾಚೀನವೆಂಬುದನ್ನು ಅಲ್ಲಗಳೆಯುವವರಿಲ್ಲ.

ಈಗ ವೈಮಾನಿಕ ಶಾಸ್ತ್ರಕ್ಕೆ ಬರೋಣ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಪ್ರಾಚೀನ ಶಾಸ್ತ್ರಗಳು ತಮಗೆ ದಿವ್ಯಪ್ರೇರಣೆಯಿಂದ ಸ್ಫುರಿಸುತ್ತವೆಂದು ನಂಬಿದ್ದವರು. ೧೯೧೮ರಿಂದ ೧೯೨೩ರವರೆಗೆ ಅವರು ಹೇಳಿದ ಶ್ಲೋಕಗಳನ್ನು ಜಿ. ವೆಂಕಟಾಚಲ ಶರ್ಮರು ಬರೆದುಕೊಂಡರು. ೧೯೨೩ರಲ್ಲಿ ಎಲ್ಲಪ್ಪನೆಂಬ ನಕ್ಷೆಗಾರರು ಶಾಸ್ತ್ರಿಗಳ ಸೂಚನೆಯಂತೆ ವಿಮಾನಗಳ ಚಿತ್ರಗಳನ್ನು ಬರೆದರು. ೧೯೫೯ರಲ್ಲಿ ಹಿಂದಿಯಲ್ಲಿ ಒಂದು ಆವೃತ್ತಿಯು ಬಂದಿತು. ೧೯೭೩ರಲ್ಲಿ ಜಿ. ಆರ್. ಜೋಸ್ಯರ್ ಅವರು ಮೈಸೂರಿನಿಂದ ಮೂಲ, ಇಂಗ್ಲಿಷ್ ಭಾಷಾಂತರ, ಚಿತ್ರಗಳೆಲ್ಲವನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆಯು ಅಲ್ಲಿಂದ ದೇಶವಿದೇಶಗಳಿಗೆ ಹಬ್ಬಿತು.

ಮರುವರ್ಷವೇ, ಎಂದರೆ ೧೯೭೪ರಲ್ಲಿ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಈ ಗ್ರಂಥದ ವಿಮರ್ಶೆಯನ್ನು ಪ್ರಕಟಿಸಿದರು. ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಇವರು ವಿಷಯವನ್ನು ನಗೆಯಾಡಿ ತಳ್ಳಿಬಿಡಲಿಲ್ಲವೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಅವರು ಪರೀಕ್ಷೆಯನ್ನು ಎರಡು ಭಾಗವಾಗಿ ನಡೆಸಿದರು. ಗ್ರಂಥದ ಭಾಷೆ, ಛಂದಸ್ಸು, ಪೂರ್ವೇತಿಹಾಸಗಳನ್ನು ಶೋಧಿಸಿ, ಅದರ ಸಂಸ್ಕೃತವು ವೈದಿಕವಲ್ಲವೆಂದೂ, ಗ್ರಂಥವು ೧೯೦೪ಕ್ಕೆ ಮೊದಲಿನದಾಗಿರಲಾರದೆಂದೂ ನಿರ್ಣಯಿಸಿದರು. ಅಮೆರಿಕದಲ್ಲಿ ರೈಟ್ ಸಹೋದರರು ಯಂತ್ರಬಲದಿಂದ ಹಾರಿದುದು ೧೯೦೩ರ ಡಿಸೆಂಬರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಬಳಿಕ ಅವರು ಗ್ರಂಥದಲ್ಲಿ ಕೊಟ್ಟಿರುವ ಅಳತೆ, ತೂಕ, ಆಕಾರಗಳನ್ನು ಲೆಕ್ಕಕ್ಕೆ ಹಚ್ಚಿದರು. ಗಾಳಿಗಿಂತ ಭಾರವಾದ ಯಂತ್ರವು ಏರಬೇಕಾದರೆ ಗಾಳಿಯನ್ನು ಕೆಳಕ್ಕೆ ನೂಕಿ ತನ್ನ ತೂಕವನ್ನು ಮೀರುವಷ್ಟು ಮೇಲ್ಮುಖವಾದ ಬಲವನ್ನು ಪಡೆಯಬೇಕು. ಇದು ನ್ಯೂಟನ್ನನ ಚಲನಸೂತ್ರಗಳಿಂದ ಬರುವ ಮಾತು. ವರ್ಣಿತವಾದ ವಿಮಾನಗಳಲ್ಲಿ ಒಂದಕ್ಕೂ ಹಾರುವ ಗುಣವಿಲ್ಲವೆಂದೂ, ಅವುಗಳ ನೂಕುಬಲದ ಏರ್ಪಾಡು ಹಾರಾಟಕ್ಕೆ ನೆರವಾಗುವುದಕ್ಕೆ ಬದಲಾಗಿ ಅಡ್ಡಿಯಾಗುವಂತಿದೆಯೆಂದೂ ಅವರು ಕಂಡರು. ಮೇಲಣ ಗಾಳಿಯನ್ನು ಎಳೆದು ಕೊಳವೆಗಳ ಮೂಲಕ ಕೆಳಕ್ಕೆ ಬಿಡುವ ರುಕ್ಮ ವಿಮಾನದ ಕಲ್ಪನೆಯಲ್ಲಿ ಮಾತ್ರ ಸ್ವಲ್ಪ ಅರ್ಥವುಂಟೆಂದು ಒಪ್ಪಿಕೊಂಡರು. ಮೆಚ್ಚಬೇಕಾದುದನ್ನು ಮರೆಸದೆ ಹೇಳಿದ ಈ ನ್ಯಾಯಬುದ್ಧಿಯೇ ಆ ಲೇಖನಕ್ಕೆ ಬೆಲೆಯನ್ನು ತಂದುಕೊಟ್ಟಿದೆ. ಹಸ್ತಪ್ರತಿಯ ಚರಿತ್ರೆಯನ್ನು ಮರೆಮಾಚಿದ ಅಥವಾ ತಿರುಚಿದ ದೋಷವನ್ನು ಅವರು ಹೊರಿಸಿದುದು ಪ್ರಕಟನೆಗೆ ಸಂಬಂಧಪಟ್ಟವರ ಮೇಲೆಯೇ ಹೊರತು ಶಾಸ್ತ್ರಿಗಳ ಮೇಲಲ್ಲ.

ಇಂತಹ ವಿಷಯಗಳಿಗೆ ವಿದ್ವಾಂಸರು ಕಾಲವನ್ನೇಕೆ ವ್ಯಯಮಾಡಬೇಕೆಂದು ಕೆಲವರು ಕೇಳುವುದುಂಟು. ೧೮೮೨ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ವಿಷಯಗಳ ಶೋಧನೆಗಾಗಿ ಒಂದು ಸಂಘವು ಹುಟ್ಟಿ ತನ್ನ ಪತ್ರಿಕೆಯನ್ನು ಹೊರಡಿಸತೊಡಗಿದಾಗಲೂ ಇದೇ ಆಕ್ಷೇಪವು ಎದ್ದಿತ್ತು. ಪರೀಕ್ಷೆಗೆ ಎತ್ತಿಕೊಂಡರೆ ಹುಸಿಗೆ ಮರ್ಯಾದೆ ಕೊಟ್ಟಂತಾಗುತ್ತದೆಂಬುದು ಒಂದು ಪಕ್ಷ. ಎತ್ತಿಕೊಳ್ಳದಿದ್ದರೆ ಹುಸಿಯು ನಿಜದಂತೆ ಬೆಳೆಯುತ್ತದೆಂಬುದು ಇನ್ನೊಂದು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿ ಎರಡನೆಯ ಪಕ್ಷವನ್ನೇ ಹಿಡಿದರು.

೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ೧೦೨ನೆಯ ಅಧಿವೇಶನವು ಈ ಪ್ರಶ್ನೆಗೆ ಉತ್ತರವನ್ನು ಒದಗಿಸಿತೆನ್ನಬಹುದು. ಅಲ್ಲಿ ಪ್ರಾಚೀನ ವಿಮಾನವಿದ್ಯೆಯನ್ನು ಕುರಿತ ಪ್ರಬಂಧವೊಂದು ಇದೇ ಗ್ರಂಥದ ಆಧಾರದಿಂದ ಮಂಡಿತವಾದಾಗ ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. ಆಗ ಪತ್ರಿಕೆಗಳು ಮರಳಿ ಹುಡುಕಿ ತೆಗೆದುದು ೪೧ ವರ್ಷಗಳ ಹಿಂದಿನ ಬೆಂಗಳೂರಿನ ಆ ಲೇಖನವನ್ನೇ. ೧೯೭೪ರಲ್ಲಿ ಆ ಐವರು ಇದು ತಮ್ಮ ಕೆಲಸವಲ್ಲವೆಂದು ಸುಮ್ಮನಿದ್ದಿದ್ದರೆ ತೋರಿಸಲು ಕೈಯಲ್ಲಿ ಏನಿರುತ್ತಿತ್ತು?

ಪೂರ್ವಿಕರ ಮೇಲಣ ಅಭಿಮಾನದಲ್ಲಿ ದೋಷವೇನೂ ಇಲ್ಲ. ಆದರೆ ವೈಮಾನಿಕ ಶಾಸ್ತ್ರವನ್ನೂ ಗಣಿತಸಾರಸಂಗ್ರಹವನ್ನೂ ಒಂದೇ ಸಾಲಿನಲ್ಲಿಟ್ಟು ಹೊಗಳಿದರೆ, ಮೊದಲನೆಯದು ಬಿದ್ದ ದಿನ ಎರಡನೆಯದನ್ನೂ ಹೊರಗಿನವರು ಸಂಶಯದಿಂದ ನೋಡುವರು. ಆಗ ನಷ್ಟವಾಗುವುದು ಮಹಾವೀರಾಚಾರ್ಯನಿಗೆ, ಆತನನ್ನು ಓದಿ ಹೆಮ್ಮೆಪಡಬೇಕಾದ ನಮ್ಮ ಸೇಡಂ ಚಿತ್ತಾಪುರಗಳ ಮಕ್ಕಳಿಗೆ. ಆದುದರಿಂದ ಹಳೆಯ ಗ್ರಂಥವೆಂದು ಯಾವುದನ್ನು ನಮ್ಮ ಮುಂದಿಟ್ಟರೂ ಪ್ರತಿಯೆಲ್ಲಿದೆ, ಹಿಂದಿನವರಲ್ಲಿ ಯಾರು ಅದನ್ನು ಹೆಸರಿಸಿದ್ದಾರೆ, ಅದರಲ್ಲಿ ಹೇಳಿದುದು ಲೆಕ್ಕಕ್ಕೆ ನಿಲ್ಲುತ್ತದೆಯೇ ಎಂದು ವಿನಯದಿಂದ ಕೇಳುವ ಅಭ್ಯಾಸವು ವಿದ್ಯಾವಂತರಲ್ಲಿ ಬೆಳೆಯಬೇಕೆಂದು ಅರಿಕೆಮಾಡಿ ಈ ಭಾಷಣವನ್ನು ಮುಗಿಸುತ್ತೇವೆ.