ಅಪ್ಪನ ತೊಟ್ಟಿ, ಮಗನ ಮಣ್ಣು

ನಮ್ಮ ಮನೆಗೆ ಮೀನು ಬಂದದ್ದು ಮೊಮ್ಮಗಳ ಹುಟ್ಟುಹಬ್ಬದ ನೆಪದಲ್ಲಿ. ಅಂಗಡಿಯವನು ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಎರಡು ಚಿನ್ನದ ಮೀನು, ದುಂಡನೆಯ ಗಾಜಿನ ಬೋಗುಣಿ, ಒಂದು ಪೊಟ್ಟಣ ನೀಲಿ ಕಲ್ಲು ಕೊಟ್ಟ. ಶುಚಿತ್ವದ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ. ದಿನ ಬೆಳಗಾದರೆ ಬೋಗುಣಿಯನ್ನು ಉಜ್ಜಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು, ಹೊಸ ನೀರು ತುಂಬುತ್ತಿದ್ದೆ. ಹತ್ತನೆಯ ದಿನ ಎರಡು ಮೀನೂ ಹೊಟ್ಟೆ ಮೇಲಾಗಿ ತೇಲಿದವು. “ತಾತ, ನೀನು ಅಷ್ಟು ಚೆನ್ನಾಗಿ ತೊಳೀತಿದ್ದೆಯಲ್ಲ, ಮತ್ತೆ ಯಾಕೆ ಸತ್ತವು?” ಎಂದು ಮಗು ಕೇಳಿತು. ನಾನು ಬಾಯಿ ಬಿಡಲಿಲ್ಲ. ಉತ್ತರ ಹುಡುಕಲು ಹೊರಟವನಿಗೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಮನೆತನದ ಕಥೆ. ಅಪ್ಪ ಮಗ ಇಬ್ಬರದೂ ಒಂದೇ ಹೆಸರು: ರಾಬರ್ಟ್ ವಾರಿಂಗ್ಟನ್.

ಅಪ್ಪ ವಾರಿಂಗ್ಟನ್ (೧೮೦೭–೧೮೬೭) ರಸಾಯನಶಾಸ್ತ್ರಜ್ಞ. ಲಂಡನ್ನಿನ ಅಪೋತಿಕರೀಸ್ ಹಾಲ್ ಎಂಬ ಔಷಧಕಾರರ ಭವನದಲ್ಲಿ ಅವನಿಗೆ ಕೆಲಸ. ೧೮೪೧ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿ ಹುಟ್ಟಲು ಮುಂದೆ ನಿಂತು ಓಡಾಡಿದವನೂ ಅವನೇ. ಇಂಥವನಿಗೆ ಮೀನಿನ ಗೊಡವೆ ಏಕೆ ಎನ್ನಬೇಡಿ. ಮೀನು ಅವನಿಗೆ ರಸಾಯನಶಾಸ್ತ್ರದ ಪ್ರಶ್ನೆಯಾಗಿತ್ತು.

ಆ ಪ್ರಶ್ನೆ ಹಳೆಯದು. ಮೇಣದಬತ್ತಿ ಉರಿದು ಕೆಟ್ಟ ಗಾಳಿಯಲ್ಲಿ ಪುದೀನದ ಒಂದು ರೆಂಬೆ ಇಟ್ಟರೆ, ಕೆಲವು ದಿನಗಳಲ್ಲಿ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯುತ್ತದೆಂದು ಜೋಸೆಫ್ ಪ್ರೀಸ್ಟ್ಲಿ ೧೭೭೧ರಲ್ಲಿ ಕಂಡಿದ್ದ. ಈ ಕೆಲಸ ಬಿಸಿಲಿದ್ದಾಗ ಮಾತ್ರ ನಡೆಯುತ್ತದೆ, ಕತ್ತಲಲ್ಲಿ ಗಿಡವೂ ಗಾಳಿಯನ್ನು ಕೆಡಿಸುತ್ತದೆ ಎಂದು ಇಂಗೆನ್‌ಹೌಸ್ ೧೭೭೯ರಲ್ಲಿ ತೋರಿಸಿಕೊಟ್ಟ. ಹಾಗಾದರೆ ಒಂದೇ ಪಾತ್ರೆಯಲ್ಲಿ ಪ್ರಾಣಿಯನ್ನೂ ಗಿಡವನ್ನೂ ಇಟ್ಟು, ಒಂದು ಬಿಟ್ಟ ಉಸಿರನ್ನು ಇನ್ನೊಂದು ಉಣ್ಣುವಂತೆ ಮಾಡಿ, ನೀರನ್ನೇ ಬದಲಾಯಿಸದೆ ಎರಡನ್ನೂ ಬದುಕಿಸಬಹುದೆ?

೧೮೪೯ರಲ್ಲಿ ವಾರಿಂಗ್ಟನ್ ಸುಮಾರು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯನ್ನು ತಂದು ಅರ್ಧದಷ್ಟು ಬುಗ್ಗೆಯ ನೀರು ತುಂಬಿದ. ನಮ್ಮ ಲೆಕ್ಕದಲ್ಲಿ ಇಪ್ಪತ್ತೇಳು ಲೀಟರು, ಎರಡು ಬಕೆಟ್ಟು ಅನ್ನಿ. ತಳದಲ್ಲಿ ಮರಳು ಮತ್ತು ಕೆಸರು. ಮೀನು ಅಡಗಿಕೊಳ್ಳಲು ಸುಣ್ಣದ ಕಲ್ಲಿನ ತುಂಡುಗಳು. ನಡುವೆ ವ್ಯಾಲಿಸ್ನೇರಿಯಾ ಎಂಬ, ಪಟ್ಟಿಯಂಥ ಎಲೆಯ ನೀರುಗಿಡ. ಲಂಡನ್ನಿನ ಹೊಗೆಮಸಿ ಬೀಳದಿರಲೆಂದು ತಂತಿಯ ಬಳೆಗೆ ತೆಳು ಮಸ್ಲಿನ್ ಬಿಗಿದು ಮುಚ್ಚಿದ. ಒಳಗೆ ಎರಡು ಪುಟ್ಟ ಚಿನ್ನದ ಮೀನು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿನ ಮೇಲೆ ಲೋಳೆಪಾಚಿ ಹಬ್ಬಿತು. ನಾನಾಗಿದ್ದರೆ ಕುಂಚ ಹಿಡಿಯುತ್ತಿದ್ದೆ. ವಾರಿಂಗ್ಟನ್ ಕೊಳದ ಕಡೆ ನೋಡಿದ. ಅಲ್ಲಿ ಕೊಳೆತ ಎಲೆಯನ್ನು ತಿನ್ನುವವರು ಯಾರು? ಬಸವನಹುಳು. ಐದಾರು ಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೂ ಲೋಳೆಯನ್ನೂ ಮೇದು ನೀರನ್ನು ತಿಳಿಯಾಗಿಸಿದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಊಟವಾದವು. ಗಿಡ ಮತ್ತು ಮೀನಿನ ಜೋಡಿ ಪ್ರೀಸ್ಟ್ಲಿಯನ್ನು ಓದಿದ ಯಾರಿಗೂ ಹೊಳೆಯಬಹುದಿತ್ತು. ಈ ಮೂರನೆಯವನನ್ನು ಕರೆತಂದದ್ದೇ ವಾರಿಂಗ್ಟನ್ನನ ಹೆಚ್ಚುಗಾರಿಕೆ ಎಂದು ನನ್ನ ಎಣಿಕೆ. ೧೮೫೦ರಲ್ಲಿ ಆತ ಇದನ್ನು ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ.

ಮುಂದಿನದು ಒಂದು ಹುಚ್ಚಿನ ಕಥೆ. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಎಂಬ ಪ್ರಾಣಿಶಾಸ್ತ್ರಜ್ಞನ ‘ಅಕ್ವೇರಿಯಂ’ ಪುಸ್ತಕ ಹೊರಬಿತ್ತು. ಗಾಜಿನ ಮೇಲಿನ ಸುಂಕ ೧೮೪೫ರಲ್ಲೇ ರದ್ದಾಗಿದ್ದರಿಂದ ತೊಟ್ಟಿ ಮಧ್ಯಮ ವರ್ಗದ ಮನೆಗೂ ನುಗ್ಗಿತು. ಜನ ಬುಟ್ಟಿ ಹಿಡಿದು ಕಡಲ ದಂಡೆಗೆ ಧಾಳಿಯಿಟ್ಟು ಬಂಡೆಯ ಹೊಂಡಗಳನ್ನು ಬರಿದು ಮಾಡಿದರು. ತಂದೆಯ ಪುಸ್ತಕಗಳೇ ಆ ಹಾಳಿಗೆ ದಾರಿ ತೋರಿದವಲ್ಲ ಎಂದು ಗಾಸ್‌ನ ಮಗ ಎಡ್ಮಂಡ್ ೧೯೦೭ರಲ್ಲಿ ಕೊರಗಿ ಬರೆದ.

ಆದರೆ ನನ್ನ ಮೊಮ್ಮಗಳ ಪ್ರಶ್ನೆಗೆ ಇಷ್ಟರಲ್ಲಿ ಉತ್ತರವಿಲ್ಲ. ಮೀನು ನೀರಿಗೆ ಬಿಡುವುದು ಅಂಗಾರಾಮ್ಲವನ್ನಷ್ಟೇ ಏನು? ಅದರ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ. ಅದರ ಮಲ, ಉಳಿದ ತಿಂಡಿ ಕೊಳೆತರೂ ಅಮೋನಿಯಾವೇ. ಅದು ಮೀನಿಗೆ ವಿಷ. ವಾರಿಂಗ್ಟನ್ನನ ತೊಟ್ಟಿಯಲ್ಲಿ ಆ ವಿಷ ಎಲ್ಲಿಗೆ ಹೋಯಿತು? ಒಂದಷ್ಟನ್ನು ಗಿಡ ಹೀರಿತು, ನಿಜ. ಮಿಕ್ಕಿದ್ದು?

ಇಲ್ಲಿ ಮಗ ಬರುತ್ತಾನೆ. ಕಿರಿಯ ವಾರಿಂಗ್ಟನ್ (೧೮೩೮–೧೯೦೭) ಅಪ್ಪ ತೊಟ್ಟಿ ಕಟ್ಟಿದಾಗ ಹನ್ನೊಂದರ ಹುಡುಗ. ಅಪ್ಪನ ಪ್ರಯೋಗಶಾಲೆಯಲ್ಲೇ ರಸಾಯನಶಾಸ್ತ್ರ ಕಲಿತ. ದೊಡ್ಡವನಾಗಿ ಸೇರಿದ್ದು ಮಾತ್ರ ಹೊಲದ ಮಣ್ಣನ್ನು. ಊರು ರಾಥಮ್‌ಸ್ಟೆಡ್, ಇಂಗ್ಲೆಂಡಿನ ಪ್ರಸಿದ್ಧ ಕೃಷಿ ಸಂಶೋಧನಾ ಕೇಂದ್ರ. ಹೊಲಕ್ಕೆ ಹಾಕಿದ ಗೊಬ್ಬರದ ಅಮೋನಿಯಾ ನೈಟ್ರೇಟ್ ಆಗುವುದು ಹೇಗೆ ಎಂಬುದು ಅಲ್ಲಿನ ಪ್ರಶ್ನೆ. ೧೮೭೭ರಲ್ಲಿ ಫ್ರಾನ್ಸಿನ ಶ್ಲೇಸಿಂಗ್ ಮತ್ತು ಮುಂಟ್ಸ್ ಚರಂಡಿ ನೀರನ್ನು ಮರಳಿನ ಮೂಲಕ ಇಳಿಸಿದಾಗ ಈ ಮಾರ್ಪಾಟು ಆಗುವುದನ್ನು ಕಂಡರು. ಕ್ಲೋರೋಫಾರಂ ಹಾಯಿಸಿದೊಡನೆ ಅದು ನಿಂತಿತು. ಎಂದರೆ ಮರಳಿನಲ್ಲಿ ಕೆಲಸ ಮಾಡುತ್ತಿದ್ದುದು ಯಾವುದೋ ಜೀವ. ಮಗ ವಾರಿಂಗ್ಟನ್ ಈ ಜಾಡು ಹಿಡಿದು ವರ್ಷಗಟ್ಟಲೆ ದುಡಿದ. ಒಂದು ಬಗೆಯ ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡಿ ಕೈಬಿಡುತ್ತದೆ, ಬೇರೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿ ಮುಗಿಸುತ್ತದೆ ಎಂದು ತೋರಿಸಿದ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವನ ಕೈಗೆ ಹತ್ತಲಿಲ್ಲ. ೧೮೯೦ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದ.

ಅಪ್ಪನ ತೊಟ್ಟಿಯ ಮರಳಿನಲ್ಲಿ, ಕಲ್ಲಿನ ಮೈಮೇಲೆ, ಎಲೆಯ ಹಿಂದೆ ಇಂಥ ಜೀವಿಗಳೇ ಮನೆಮಾಡಿದ್ದವು. ಅವನು ಎಣಿಸಿದ ಮೂವರ ಜೊತೆಗೆ ಲೆಕ್ಕಕ್ಕೆ ಬಾರದ ನಾಲ್ಕನೆಯವರು. ನಮ್ಮ ಬೋಗುಣಿಯಲ್ಲಿ ಅವು ನೆಲೆ ಕಾಣಲು ವಾರಗಟ್ಟಲೆ ಕಾಲ ಬೇಕಿತ್ತು. ನಾನು ದಿನವೂ ಬಿಸಿನೀರು ಹೊಯ್ದು ಒಕ್ಕಲೆಬ್ಬಿಸುತ್ತಿದ್ದೆ. ಕೊಂದದ್ದು ನನ್ನ ಮಡಿ.

ಎರಡನೆಯ ಸಲ ಆತುರಪಡಲಿಲ್ಲ. ಮೂವತ್ತು ಲೀಟರಿನ ಅಗಲ ಬಾಯಿಯ ತೊಟ್ಟಿ ತಂದೆ. ತಳಕ್ಕೆ ಜರಡಿ ಹಿಡಿದ ತೋಟದ ಮಣ್ಣು, ಗೊಬ್ಬರ ಸೇರದ್ದು, ಒಂದಂಗುಲ. ಮೇಲೆ ತೊಳೆದ ಮರಳು ಒಂದಂಗುಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬಾಕೆ ೧೯೯೯ರ ತಮ್ಮ ಪುಸ್ತಕದಲ್ಲಿ ಈ ಮಣ್ಣಿನ ಪದ್ಧತಿಯನ್ನು ವಿವರಿಸಿದ್ದಾರೆ. ವಾರಿಂಗ್ಟನ್ನನ ಕೆಸರು ಒಂದೂವರೆ ಶತಮಾನದ ಮೇಲೆ ಮರಳಿ ಬಂತು. ಕ್ಲೋರಿನ್ ಹಾರಲೆಂದು ನಲ್ಲಿ ನೀರನ್ನು ಎರಡು ದಿನ ತೆರೆದ ಬಕೆಟ್ಟಿನಲ್ಲಿಟ್ಟು ತುಂಬಿದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಒತ್ತಾಗಿ ನೆಟ್ಟು, ಬೆಳಗಿನ ಬಿಸಿಲು ಸ್ವಲ್ಪವೇ ಬೀಳುವ ಕಿಟಕಿಯ ಬಳಿ ಇಟ್ಟೆ. ಪಂಪಿಲ್ಲ. ಎರಡು ವಾರ ನೀರು ಚಹಾದಂತಿತ್ತು, “ಸೊಳ್ಳೆ ಸಾಕುತ್ತಿದ್ದೀರೋ?” ಎಂದು ನಮ್ಮ ಮನೆಯವರು ಮೂಗು ಮುರಿದರು. ಮಾತು ಸುಳ್ಳಾಗಿರಲಿಲ್ಲ, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ. ಆರನೆಯ ವಾರ ಐದು ಗಪ್ಪಿಗಳನ್ನು ಬಿಟ್ಟೆವು. ರಾತ್ರಿ ಗಿಡಗಳೂ ಪ್ರಾಣವಾಯುವಿಗೆ ಪಾಲು ಕೇಳುವುದರಿಂದ ಮೀನಿನ ಸಂಖ್ಯೆ ಕಡಿಮೆಯಿರಬೇಕು. ಹದಿನೈದು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ. ಮರಳನ್ನು ಮುಟ್ಟುವುದಿಲ್ಲ.

ಬಸವನಹುಳು ಯಾರೂ ತಾರದೆಯೇ ಗಿಡದ ಜೊತೆ ಬಂದಿತ್ತು. ಮೊನ್ನೆ ಗಾಜಿನ ಒಳಮೈಯಲ್ಲಿ ಸಾಬೂನಕ್ಕಿಯಂಥ ಹನಿಗಳು ಒಂದು ಲೋಳೆಯಲ್ಲಿ ಅಂಟಿದ್ದುದು ಕಂಡು, ಹಳೆಯ ಚಪಲಕ್ಕೆ ನಾನು ಒದ್ದೆ ಬಟ್ಟೆ ಕೈಗೆತ್ತಿಕೊಂಡೆ. ಮೊಮ್ಮಗಳು ಓಡಿ ಬಂದು ನನ್ನ ಮೊಣಕೈ ಹಿಡಿದಳು. “ತಾತ, ಒರೆಸಬೇಡ. ಅದು ಮೊಟ್ಟೆ!”