ಕೀಟಭ್ರಮರನ್ಯಾಯವೂ ಕಡೂರು ಸೀಮೆಯ ತೆಂಗಿನ ತೋಟವೂ

ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಮಂದಿ ಗುರುಗಳನ್ನು ವರ್ಣಿಸುವ ಪ್ರಸಂಗವು ವಾಚಕರಿಗೆ ವಿದಿತವೇ ಆಗಿದೆ. ಆ ಗುರುಪಂಕ್ತಿಯಲ್ಲಿ ಬೆಂಕಿಗೆರಗಿ ಸಾಯುವ ಪತಂಗವೂ ಒಂದು. ಕಟ್ಟಕಡೆಯದು, ಹುಳುವನ್ನು ಗೋಡೆಯ ಗೂಡಿನಲ್ಲಿ ಸೆರೆಯಿಟ್ಟು ಅದಕ್ಕೆ ತನ್ನ ರೂಪವನ್ನೇ ಕೊಡುವುದೆಂದು ಪ್ರಸಿದ್ಧವಾದ ಕಣಜ. ಇದೇ ಕೀಟಭ್ರಮರನ್ಯಾಯ. ವಿವೇಕಚೂಡಾಮಣಿಯೇ ಮೊದಲಾದ ಗ್ರಂಥಗಳು ಧ್ಯಾನದ ಮಹಿಮೆಗೆ ಇದನ್ನೇ ದೃಷ್ಟಾಂತವಾಗಿ ಕೊಡುತ್ತವೆ. ಹುಳು, ಪತಂಗ, ಕಣಜ ಇವುಗಳ ನಿಜವಾದ ಸಂಬಂಧವೇನು, ಅದು ಶಾಸ್ತ್ರಜ್ಞರಿಗೆ ಹೇಗೆ ಮರೆಯಾಗಿ ಉಳಿಯಿತು ಎಂಬುದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕೋಶಗಳನ್ನು ನೋಡೋಣ. ಅಮರಸಿಂಹನು ಸಿಂಹಾದಿವರ್ಗದಲ್ಲಿ ಕೃಮಿಯನ್ನು ಒಂದು ಕಡೆಯೂ, ಪತಂಗಶಲಭಗಳನ್ನು ಪರ್ಯಾಯಪದಗಳಾಗಿ ಇನ್ನೊಂದು ಕಡೆಯೂ ಹೇಳಿದ್ದಾನೆ. ಕೌಶೇಯವಸ್ತ್ರವು ಕೃಮಿಯ ಕೋಶದಿಂದ ಹುಟ್ಟಿದುದೆಂಬುದನ್ನೂ ಅವನು ಬಲ್ಲನು. ಆದರೆ ಆ ಮಾತು ಬಂದಿರುವುದು ಮನುಷ್ಯವರ್ಗದಲ್ಲಿ, ಉಡುಪುಗಳ ಪ್ರಕರಣದಲ್ಲಿ. ಹೀಗೆ ಕೃಮಿ, ಗೂಡು, ಪತಂಗ ಮೂರಕ್ಕೂ ಗ್ರಂಥದಲ್ಲಿ ಸ್ಥಳವುಂಟು. ಮೂರೂ ಒಂದೇ ಜೀವದ ಅವಸ್ಥೆಗಳೆಂಬ ಸೂಚನೆ ಮಾತ್ರ ಇಲ್ಲ. ಅಮರವನ್ನು ಬಾಯಿಪಾಠ ಮಾಡಿ ಬೆಳೆದ ನಾವೂ ಆ ಸಂಬಂಧವನ್ನು ಕೇಳಲಿಲ್ಲ.

ಪಂಡಿತರು ಕೇಳದಿದ್ದುದನ್ನು ರೇಷ್ಮೆ ಬೆಳೆಗಾರರು ಬಲ್ಲವರಾಗಿದ್ದರು. ಟಿಪ್ಪು ಸುಲ್ತಾನನು 1785-86ರ ಸುಮಾರಿನಲ್ಲಿ ಬಂಗಾಳದಿಂದ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ನೆಲೆ ಕಲ್ಪಿಸಿದನು. ಹುಳುವು ನಾಲ್ಕು ಸಲ ಪೊರೆ ಕಳಚುವುದನ್ನು ಬೆಳೆಗಾರರು ‘ಜ್ವರ’ವೆಂದೂ, ಗೂಡು ಕಟ್ಟಲು ಸಿದ್ಧವಾದುದನ್ನು ‘ಹಣ್ಣಾದ ಹುಳು’ವೆಂದೂ ಕರೆಯುತ್ತಾರೆ. ನೂಲಿನ ಗೂಡು ಕುದಿನೀರಿಗೆ. ಬಿತ್ತನೆಯ ಗೂಡು ಪತಂಗ ಹೊರಬರುವವರೆಗೆ ಜೋಪಾನ. ಹಾಗೆ ಹೊರಬಂದ ಪತಂಗವು ಏನನ್ನೂ ತಿನ್ನದು, ಚೆನ್ನಾಗಿ ಹಾರಲೂ ಆರದು. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ತಿನ್ನುವ ಕಾರ್ಯವೆಲ್ಲವೂ ಹುಳುವಿನ ದೆಸೆಯಲ್ಲಿಯೇ ಮುಗಿದಿರುತ್ತದೆ. ಕವಿಗಳು ಭೋಗಲಾಲಸೆಗೆ ನಿದರ್ಶನವಾಗಿ ಹಿಡಿದ ಪ್ರಾಣಿಯ ಜಾತಿಯಲ್ಲಿ ಇಂತಹ ನಿರಾಹಾರವ್ರತಿಗಳೂ ಇರುವುದು ಗಮನಾರ್ಹವಾಗಿದೆ.

ರೇಷ್ಮೆಯಲ್ಲಿ ಲಾಭಕರವಾದ ಈ ಜ್ಞಾನವೇ ತೆಂಗಿನಲ್ಲಿ ಪ್ರಾಣರಕ್ಷಕವಾಗುತ್ತದೆ. ಕಡೂರು, ತರೀಕೆರೆ, ಮತ್ತು ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ, ಈ ಸೀಮೆಯ ತೆಂಗಿನ ತೋಟಗಳಿಗೆ ಕಪ್ಪುತಲೆ ಹುಳುವಿನ ಬಾಧೆಯುಂಟು. ಇದರ ತಾಯಿಯು ಬೂದಿಬಣ್ಣದ, ರಾತ್ರಿ ಸಂಚರಿಸುವ ಚಿಕ್ಕ ಪತಂಗ. ಅದು ಹಳೆಯ ಗರಿಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುವು ತನ್ನ ನೂಲನ್ನೂ ಹಿಕ್ಕೆಯನ್ನೂ ಸೇರಿಸಿ ಸುರಂಗ ಕಟ್ಟಿಕೊಂಡು, ಅದರೊಳಗಿದ್ದೇ ಗರಿಯ ಹಸಿರನ್ನು ಕೆರೆದು ತಿನ್ನುತ್ತದೆ. ಮೊಟ್ಟೆಯಿಂದ ಪತಂಗವಾಗುವವರೆಗೆ ಸುಮಾರು 2 ತಿಂಗಳು. ಆದುದರಿಂದ ವರ್ಷದಲ್ಲಿ ಹಲವು ಪೀಳಿಗೆಗಳು. ಬೇಸಗೆಯಲ್ಲಿ ಬಾಧೆ ಬಲಿತು, ತೋಟವು ದೂರಕ್ಕೆ ಬೆಂಕಿ ತಗುಲಿದಂತೆ ತೋರುತ್ತದೆ. ಇಳುವರಿ ಕುಂದಿದ ಮರವು ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಕಾವ್ಯದಲ್ಲಿ ಪತಂಗವು ಬೆಂಕಿಯಲ್ಲಿ ಬೇಯುವುದು; ಇಲ್ಲಿ ಪತಂಗದ ಸಂತಾನದಿಂದ ರೈತನ ಬಾಳೇ ಬೇಯುವುದು.

ನಾಮಭೇದದಿಂದ ವಸ್ತುಭೇದವನ್ನು ಊಹಿಸುವ ದೋಷವು ನಮ್ಮ ಕೋಶಕಾರರೊಬ್ಬರದೇ ಅಲ್ಲ. ಪಾಶ್ಚಾತ್ಯ ಶಾಸ್ತ್ರಜ್ಞರಲ್ಲಿ ವಾಕರನು 1864ರಲ್ಲಿ ಈ ಪತಂಗಕ್ಕೆ ಒಪಿಸಿನಾ ಅರೆನೊಸೆಲ್ಲಾ ಎಂದು ಹೆಸರಿಟ್ಟನು. ಮೇರಿಕನು 1905ರಲ್ಲಿ ಇದನ್ನೇ ನೆಫಾಂಟಿಸ್ ಸೆರಿನೋಪಾ ಎಂದು ಕರೆದನು. ಎರಡೂ ಒಂದೇ ಎಂದು ನಿರ್ಣಯವಾದುದು ಬಹುಕಾಲದ ಮೇಲೆ. ಆಗ ಹಿಂದಿನ ನಾಮವೇ ನಿಂತಿತು. ಆದರೂ ಬಿಟ್ಟ ಹೆಸರಿನ ಕುರುಹೊಂದು ಉಳಿದಿದೆ: ಈ ಹುಳುವಿನ ಶತ್ರುವಾದ ಕಣಜಕ್ಕೆ 1934ರಲ್ಲಿ ಇಟ್ಟ ನೆಫಾಂಟಿಡಿಸ್ ಎಂಬ ಜಾತಿನಾಮ. ಅದನ್ನು ಇಂದು ಗೋನಿಯೋಜಸ್ ನೆಫಾಂಟಿಡಿಸ್ ಎನ್ನುತ್ತಾರೆ.

ನಮ್ಮ ನ್ಯಾಯವು ಪರೀಕ್ಷೆಗೊಳಗಾಗುವುದು ಇಲ್ಲಿಯೇ. ಇರುವೆಯಷ್ಟೇ ಕಾಣುವ ಈ ಕಪ್ಪು ಕಣಜವು ಸುರಂಗದೊಳಗೆ ನುಗ್ಗಿ, ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು ಕಾವಲಿರುತ್ತದೆ. ಕಣಜದ ಮರಿಗಳು ಹುಳುವನ್ನು ಹೀರಿ ಬೆಳೆದು, ಪಕ್ಕದಲ್ಲಿಯೇ ಗೂಡು ಕಟ್ಟಿ, ಕಣಜಗಳಾಗಿ ಹೊರಡುತ್ತವೆ. ಗೋಡೆಯ ಮಣ್ಣಿನ ಗೂಡಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಹುಳು ಒಳಹೋದುದು ಸತ್ಯ. ಕಣಜ ಹೊರಬಂದುದೂ ಸತ್ಯ. ನಡುವೆ ಇದ್ದ ಮೊಟ್ಟೆಯೊಂದನ್ನು ಪೂರ್ವಿಕರು ಕಾಣಲಿಲ್ಲ. ಅದರ ಸ್ಥಾನದಲ್ಲಿ ಧ್ಯಾನವನ್ನಿರಿಸಿದರು.

ಈ ಮೊಟ್ಟೆಯ ಜ್ಞಾನವೇ ಇಂದು ತೋಟವನ್ನು ಕಾಯುತ್ತಿದೆ. ಇಂತಹ ಕಣಜಗಳನ್ನು ಪ್ರಯೋಗಶಾಲೆಗಳಲ್ಲಿ ಸಾಕಿ ಬಾಧೆಗೊಂಡ ತೋಟಗಳಿಗೆ ಬಿಡುವ ಕ್ರಮವು ರೂಢಿಯಲ್ಲಿದೆ. ಹುಳುವಿನ ಪಕ್ಕದ ಗೂಡುಗಳು ಯಾರ ಸಂತಾನವೆಂದರಿಯದೆ ವಿಷ ಸಿಂಪಡಿಸಿದವನು ಶತ್ರುವಿನೊಡನೆ ರಕ್ಷಕನನ್ನೂ ಕೊಲ್ಲುತ್ತಾನೆ.

ಇದರಿಂದ ವೇದಾಂತಕ್ಕೆ ಹಾನಿಯೇನೂ ಇಲ್ಲ. ದೃಷ್ಟಾಂತವು ತಪ್ಪಿದ ಮಾತ್ರಕ್ಕೆ ಸಿದ್ಧಾಂತವು ಬೀಳದು. ಆದರೆ ರೂಪಾಂತರಕ್ಕೆ ದೃಷ್ಟಾಂತ ಬೇಕಾದವರಿಗೆ ಗೋಡೆಯ ಕಣಜಕ್ಕಿಂತ ಗರಿಯ ಪತಂಗವೇ ಮೇಲು: ತೆವಳುತ್ತಿದ್ದುದೇ ಹಾರುವುದು ಅದರಲ್ಲಿ ನಿಜವಾಗಿಯೂ ಉಂಟು. ಪಾಠ ಹೇಳುವ ನಾವು ನ್ಯಾಯವನ್ನು ಹೇಳುವಾಗ ಆ ಮೊಟ್ಟೆಯನ್ನೂ ಹೇಳುವುದು ಉಚಿತವಾಗಿದೆ.