ಗಿಟಾರಿನ ಕೇಬಲ್ಲೂ ಅಟ್ಲಾಂಟಿಕ್ ತಂತಿಯೂ

ಎಲೆಕ್ಟ್ರಿಕ್ ಗಿಟಾರಿಗೆ 3 ಮೀಟರ್ ಕೇಬಲ್ಲಿನ ಬದಲು 9 ಮೀಟರಿನದನ್ನು ಜೋಡಿಸಿದರೆ ನಾದ ಮಂಕಾಗುತ್ತದೆ. ಕಾರಣ ಕೇಳಿದರೆ ಬಿ.ಎಸ್ಸಿ. ವಿದ್ಯಾರ್ಥಿಗಳು ಕೂಡ ತಂತಿಯ ರೋಧವನ್ನು ಹೆಸರಿಸುತ್ತಾರೆ. ಆದರೆ ಗಿಟಾರಿನ ಪಿಕಪ್ ಸುರುಳಿಯ ರೋಧ ಸಾವಿರಾರು ಓಮ್. ಕೇಬಲ್ಲಿನದು ಹೆಚ್ಚೆಂದರೆ ಒಂದೆರಡು. ನಿಜವಾದ ಕಾರಣ ಧಾರಕತೆ. ನಡುವೆ ಒಂದು ತಂತಿ, ಸುತ್ತ ಲೋಹದ ಹೆಣಿಗೆ, ಮಧ್ಯೆ ಅವಾಹಕ: ಕೇಬಲ್ ಎಂಬುದು ಉದ್ದಕ್ಕೆ ಎಳೆದ ಧಾರಕವೇ ಸರಿ.

ಈ ಪಾಠವನ್ನು ಜಗತ್ತು ಕಲಿತದ್ದು ಸಮುದ್ರದ ತಳದಲ್ಲಿ. ಸಾಗರದಡಿಯ ಕೇಬಲ್ಲಿನಲ್ಲಿ ಸಂಕೇತದ ವಿಳಂಬವು ಉದ್ದದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆಂದು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) 1855ರಲ್ಲಿ ಪ್ರಕಟಿಸಿದ. ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿಯ ವಿದ್ಯುತ್ ತಜ್ಞ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಆತ ಮೂಲತಃ ಶಸ್ತ್ರವೈದ್ಯ! 1858ರಲ್ಲಿ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ವೈಟ್‌ಹೌಸ್ ಸುಮಾರು 2000 ವೋಲ್ಟ್ ಹಾಯಿಸಿದ. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ನಿಷ್ಕ್ರಿಯವಾಯಿತು.

ಮಾರ್ಗಕ್ಕೆ ಪ್ರೇರಕತೆಯನ್ನು ಸೇರಿಸಿ ಈ ದೋಷವನ್ನು ತಗ್ಗಿಸಬಹುದೆಂದು ಹೆವಿಸೈಡ್ 1887ರಲ್ಲಿ ತೋರಿಸಿದ. 1900ರ ಬಳಿಕ ದೂರವಾಣಿ ಮಾರ್ಗಗಳಲ್ಲಿ ಅಲ್ಲಲ್ಲಿ ಸುರುಳಿಗಳನ್ನು ಅಳವಡಿಸಲಾಯಿತು. ಬೆಂಗಳೂರಿನ ಕೆ.ಆರ್.ಪುರದ ಬಳಿ, ದೂರವಾಣಿನಗರದಲ್ಲಿ 1948ರಲ್ಲಿ ಐಟಿಐ ಕಾರ್ಖಾನೆ ಆರಂಭವಾಗುವ ಹೊತ್ತಿಗೆ ಇದೆಲ್ಲ ದೂರವಾಣಿ ಇಂಜಿನಿಯರುಗಳ ಓನಾಮವಾಗಿತ್ತು. ದೂರವಾಣಿಯಲ್ಲಿ ಮಾತಿಗೆ ಮೀಸಲಾದ ಪಟ್ಟಿ 300ರಿಂದ 3400 ಹರ್ಟ್ಸ್. ಮಾತಿಗೆ ಅಷ್ಟು ಸಾಕು, ಸಂಗೀತಕ್ಕೆ ಸಾಲದು.

ಈಗ ಗಿಟಾರಿಗೆ ಮರಳೋಣ. ಇಲ್ಲಿ ಪ್ರೇರಕತೆ ಪಿಕಪ್ಪಿನೊಳಗೇ ಇದೆ, 2.5 ಹೆನ್ರಿ ಎಂದಿಟ್ಟುಕೊಳ್ಳಿ. ಪಿಕಪ್ಪಿನ ಸ್ವಂತ ಧಾರಕತೆ 100 ಪಿಕೋಫ್ಯಾರಡ್, ಕೇಬಲ್ಲಿನದು ಮೀಟರಿಗೆ 100. ಅನುರಣನೆಯ ಆವೃತ್ತಿ ಪ್ರೇರಕತೆ ಮತ್ತು ಧಾರಕತೆಗಳ ಗುಣಲಬ್ಧದ ವರ್ಗಮೂಲಕ್ಕೆ ವಿಲೋಮವಷ್ಟೆ. 3 ಮೀಟರಿಗೆ ಅದು ಸುಮಾರು 5000 ಹರ್ಟ್ಸ್, 9 ಮೀಟರಿಗೆ ಸುಮಾರು 3200. ಅದರಾಚೆಯ ಸ್ವರಾಂಶಗಳು ಬೇಗನೆ ಕುಗ್ಗುತ್ತವೆ. ಅಂದರೆ ಉದ್ದದ ಕೇಬಲ್ ಹಾಕಿದ ಗಿಟಾರು ಹೆಚ್ಚುಕಡಿಮೆ ದೂರವಾಣಿಯ ಪಟ್ಟಿಯೊಳಗೇ ಹಾಡುತ್ತದೆ! ಈ ಮಂಕನ್ನೇ ಮೆಚ್ಚುವ ವಾದಕರೂ ಇದ್ದಾರೆ. ಅದು ಅವರವರ ಕಿವಿಗೆ ಬಿಟ್ಟದ್ದು.

ತರಗತಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ 560 ಪಿಕೋಫ್ಯಾರಡ್ ಧಾರಕವೊಂದನ್ನು 3 ಮೀಟರ್ ಕೇಬಲ್ಲಿಗೆ ಸಮಾಂತರವಾಗಿ ಬೆಸೆಯಿರಿ. 9 ಮೀಟರಿನ ನಾದವೇ ಕೇಳಿಸುತ್ತದೆ. ಅದರ ಬದಲು 2 ಓಮ್ ರೋಧಕವನ್ನು ಸರಣಿಯಲ್ಲಿ ಜೋಡಿಸಿದರೆ ಏನೂ ಬದಲಾಗದು.